ಪದಚ್ಛೇದದ ಪ್ರಮಾದಗಳು

ಹಳಗನ್ನಡ ಪಾಠವನ್ನು ಓದಲು ತೊಡಗಿದವರಿಗೆ ಮೊದಲು ಎದುರಾಗುವ ತೊಡಕು ಪದಚ್ಛೇದದ್ದು. ತಾಳೆಯೋಲೆಯ ಮೇಲೆ ಬರೆಯುತ್ತಿದ್ದ ಲಿಪಿಕಾರನು ಪದಪದಗಳ ನಡುವೆ ಈಗಿನಂತೆ ತೆರಪು ಬಿಡುತ್ತಿರಲಿಲ್ಲ. ಎಲ್ಲಿ ಬಿಡಿಸಬೇಕು, ಎಲ್ಲಿ ಕೂಡಿಸಬೇಕು ಎಂಬುದನ್ನು ಓದುವವನೇ ನಿರ್ಧರಿಸಬೇಕು. ತಪ್ಪಾಗಿ ಬಿಡಿಸಿದರೆ ಅರ್ಥ ಕೆಡುತ್ತದೆ. ಆದರೆ ಓಲೆ ಕೆಡುವುದಿಲ್ಲ. ಇನ್ನೊಬ್ಬ ವಿದ್ವಾಂಸರು ಬಂದು ಅದನ್ನೇ ಸರಿಯಾಗಿ ಬಿಡಿಸಿ ಓದಬಹುದು. ಆದರೆ ತಾನು ಬಿಡಿಸಿದ ಕ್ಷಣದಲ್ಲಿಯೇ ಅದರಂತೆ ನಡೆದುಬಿಡುವ, ಒಮ್ಮೆಯೂ ಹಿಂದಿರುಗಿ ನೋಡದ ಓದುಗನೊಬ್ಬನಿದ್ದರೆ ಏನಾದೀತು? ಅಂಥ ಓದುಗನು ನಮ್ಮ ಕಾಲೇಜಿನ ಕಂಪ್ಯೂಟರ್ ಕೋಣೆಯ ಯಂತ್ರಗಳಲ್ಲಿಯೇ ಇದ್ದಾನೆ. ಅವನ ಹೆಸರು ಶೆಲ್. ಅವನ ಪದಚ್ಛೇದದ ಕ್ರಮವನ್ನೂ ಅದರಿಂದ ಒದಗತಕ್ಕ ಅನಾಹುತಗಳನ್ನೂ ನನಗೆ ತಿಳಿದಮಟ್ಟಿಗೆ ವಿವರಿಸುವುದು ಈ ಲೇಖನದ ಉದ್ದೇಶ.

ಪರದೆಯ ಮೇಲಿನ ಚಿತ್ರಗಳನ್ನು ಒತ್ತಿ ಕೆಲಸ ಮಾಡಿಸುವುದು ಒಂದು ಕ್ರಮ. ಆಜ್ಞೆಯನ್ನು ಒಂದು ಸಾಲಾಗಿ ಬರೆದು ಮಾಡಿಸುವುದು ಇನ್ನೊಂದು, ಮತ್ತು ಹೆಚ್ಚು ಹಳೆಯ ಕ್ರಮ. ಹೀಗೆ ಬರೆದ ಸಾಲನ್ನು ಓದಿ, ಪದಗಳಾಗಿ ಬಿಡಿಸಿ, ತಕ್ಕ ಪ್ರೋಗ್ರಾಮಿಗೆ ಒಪ್ಪಿಸುವ ಮಧ್ಯವರ್ತಿಯೇ ಶೆಲ್. ಅಮೆರಿಕೆಯ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಅವರು ೧೯೭೧ರಲ್ಲಿ ಯುನಿಕ್ಸ್ ವ್ಯವಸ್ಥೆಗೆ ಅದರ ಮೊದಲನೆಯ ಶೆಲ್ಲನ್ನು ಒದಗಿಸಿದರು. ೧೯೭೯ರಲ್ಲಿ ಯುನಿಕ್ಸಿನ ಏಳನೆಯ ಆವೃತ್ತಿಯೊಡನೆ ಸ್ಟೀಫನ್ ಬೋರ್ನ್ ಅವರ ಶೆಲ್ ಹೊರಬಂದಿತು. ೧೯೮೯ರಲ್ಲಿ ಬ್ರಯನ್ ಫಾಕ್ಸ್ ಅವರು ಗ್ನೂ ಯೋಜನೆಗಾಗಿ ಬರೆದ ‘ಬ್ಯಾಷ್’ ಬೋರ್ನ್ ಶೆಲ್ಲಿನ ದಾರಿಯನ್ನೇ ಹಿಡಿದದ್ದು. ಇಂದು ಲಿನಕ್ಸ್ ಯಂತ್ರಗಳಲ್ಲಿ ಬಹುಮಟ್ಟಿಗೆ ಕಾಣಸಿಗುವುದು ಇದೇ. ಆದ್ದರಿಂದ ನಾಲ್ಕೈದು ದಶಕಗಳ ಹಿಂದಿನ ಕೆಲವು ರೂಢಿಗಳು ಇಂದಿಗೂ ನಮ್ಮ ಬೆರಳ ತುದಿಯಲ್ಲಿ ಜೀವಂತವಾಗಿವೆ.

ವಿಷಯ ಸುಲಭವಾಗಿ ತಿಳಿಯುವಂತೆ ಒಂದು ದೃಷ್ಟಾಂತವನ್ನು ಹೇಳುತ್ತೇನೆ. ತಾಯಿ ಒಂದು ಚೀಟಿಯಲ್ಲಿ ‘ಕಲ್ಲು ಸಕ್ಕರೆ’ ಎಂದು ಬರೆದು, ‘ಚೀಟಿಯಲ್ಲಿರುವುದನ್ನು ತೆಗೆದುಕೊಂಡು ಬಾ’ ಎಂದು ಮಗನನ್ನು ಅಂಗಡಿಗೆ ಕಳುಹಿಸಿದಳೆನ್ನೋಣ. ಲೋಕಜ್ಞಾನವುಳ್ಳ ಹುಡುಗನು ಕಲ್ಲುಸಕ್ಕರೆಯನ್ನೇ ತರುತ್ತಾನೆ. ಶೆಲ್ಲಿಗೆ ಲೋಕಜ್ಞಾನವಿಲ್ಲ. ಅದು ಮೊದಲು ‘ಚೀಟಿಯಲ್ಲಿರುವುದು’ ಎಂಬ ಮಾತನ್ನು ತೆಗೆದು, ಆ ಜಾಗದಲ್ಲಿ ಚೀಟಿಯ ಬರಹವನ್ನು ಇಡುತ್ತದೆ. ಆ ಬಳಿಕ ಆ ಬರಹದಲ್ಲಿ ತೆರಪು ಎಲ್ಲಿದೆಯೆಂದು ಹುಡುಕುತ್ತದೆ. ತೆರಪು ಕಂಡಲ್ಲಿ ಕತ್ತರಿಸುತ್ತದೆ. ಕೊನೆಗೆ ಒಂದು ಕಲ್ಲನ್ನೂ ಬೇರೆಯಾಗಿ ಒಂದಿಷ್ಟು ಸಕ್ಕರೆಯನ್ನೂ ತಂದು ಮುಂದಿಡುತ್ತದೆ.

ಇಲ್ಲಿ ಚೀಟಿಯ ಸ್ಥಾನದಲ್ಲಿರುವುದು ‘ಚರ’. ಒಂದು ಹೆಸರಿನಡಿಯಲ್ಲಿ ಯಾವುದೋ ಬೆಲೆಯನ್ನು ಇಟ್ಟುಕೊಂಡು, ಬೇಕಾದಾಗ ಆ ಹೆಸರಿನ ಹಿಂದೆ ಡಾಲರ್ ಚಿಹ್ನೆಯನ್ನು ಹಚ್ಚಿ ಕರೆದರೆ ಬೆಲೆ ಬಂದು ಕೂರುತ್ತದೆ. ಇದಕ್ಕೆ ‘ವಿಸ್ತರಣ’ ಎನ್ನಬಹುದು. ವಿಸ್ತರಣ ಮುಗಿದ ಮೇಲೆ ಪದಚ್ಛೇದ. ಯಾವ ಯಾವ ಅಕ್ಷರ ಕಂಡಲ್ಲಿ ಕತ್ತರಿಸಬೇಕೆಂಬ ಪಟ್ಟಿಯು ‘ಐಎಫ್‌ಎಸ್’ ಎಂಬ ಇನ್ನೊಂದು ಚರದಲ್ಲಿರುತ್ತದೆ. ಸಾಮಾನ್ಯವಾಗಿ ಆ ಪಟ್ಟಿಯಲ್ಲಿರುವುವು ಮೂರು: ತೆರಪು, ಟ್ಯಾಬ್ ಮತ್ತು ಹೊಸ ಸಾಲು. ಪದಚ್ಛೇದವಾದ ಮೇಲೆ ಮೂರನೆಯ ಹಂತವೊಂದುಂಟು. ಯಾವುದಾದರೂ ಪದದಲ್ಲಿ ನಕ್ಷತ್ರ ಚಿಹ್ನೆಯಿದ್ದರೆ, ಅದಕ್ಕೆ ಹೊಂದುವ ಕಡತಗಳ ಹೆಸರುಗಳನ್ನೆಲ್ಲ ಶೆಲ್ ಅಲ್ಲಿ ತುಂಬುತ್ತದೆ. ಬರಿಯ ನಕ್ಷತ್ರವೆಂದರೆ ‘ಇಲ್ಲಿರುವ ಎಲ್ಲವೂ’ ಎಂದರ್ಥ. ಚುಕ್ಕೆಯಿಂದ ಆರಂಭವಾಗುವ ಗುಪ್ತ ಕಡತಗಳು ಮಾತ್ರ ಇದರಲ್ಲಿ ಸೇರುವುದಿಲ್ಲ. ಇಷ್ಟೆಲ್ಲ ಮುಗಿದ ಮೇಲೆಯೇ ಕೆಲಸ ಮಾಡತಕ್ಕ ಪ್ರೋಗ್ರಾಮಿಗೆ ಪದಗಳು ತಲುಪುವುವು. ಮೂಲದಲ್ಲಿ ನಾವು ಏನು ಬರೆದಿದ್ದೆವೆಂಬುದು ಆ ಪ್ರೋಗ್ರಾಮಿಗೆ ತಿಳಿಯುವುದೇ ಇಲ್ಲ.

ಈ ಕತ್ತರಿಯಿಂದ ಬೆಲೆಯನ್ನು ಕಾಪಾಡುವ ಉಪಾಯ ಬಹು ಸರಳವಾದುದು. ಚರವನ್ನು ಜೋಡಿ ಉದ್ಧರಣ ಚಿಹ್ನೆಗಳ ನಡುವೆ ಬರೆಯಬೇಕು. ಆಗ ಚರ ವಿಸ್ತರಿಸುತ್ತದೆ, ಆದರೆ ಒಡೆಯುವುದಿಲ್ಲ. ನಕ್ಷತ್ರಕ್ಕೂ ವಿಶೇಷಾರ್ಥ ಇರುವುದಿಲ್ಲ. ಹೊಸಬರು ಎಡವುವುದು ಇಲ್ಲಿಯೇ. ಬೆಲೆಯನ್ನು ಚರದಲ್ಲಿ ಇಡುವಾಗ ಉದ್ಧರಣ ಚಿಹ್ನೆ ಹಾಕಿದ್ದೇನಲ್ಲ, ಅಷ್ಟೇ ಸಾಕೆಂದು ಅವರು ಭಾವಿಸುತ್ತಾರೆ. ಸಾಲದು. ಇಡುವಾಗಿನ ಚಿಹ್ನೆ ಇಡುವುದರೊಂದಿಗೇ ಮುಗಿಯಿತು. ಅದು ಬೆಲೆಗೆ ಅಂಟಿಕೊಂಡು ಬರುವುದಿಲ್ಲ. ಚೀಟಿಯನ್ನು ಲಕೋಟೆಯಲ್ಲಿಟ್ಟು ತಂದು, ಲಕೋಟೆಯನ್ನು ಎಸೆದ ಮೇಲೆ ಮಳೆಯಲ್ಲಿ ಹಿಡಿದಂತೆ. ಬಳಸುವ ಪ್ರತಿಯೊಂದು ಸಲವೂ ಚಿಹ್ನೆಯನ್ನು ಹೊಸದಾಗಿಯೇ ಹಾಕಬೇಕು.

ಇದನ್ನು ನಾನು ಪುಸ್ತಕದಿಂದ ಕಲಿತೆನೆಂದರೆ ಸುಳ್ಳಾದೀತು. ಕಳೆದ ವರ್ಷ ನಾವು ನಾಲ್ವರು ವಿದ್ಯಾರ್ಥಿಗಳು ಕನ್ನಡ ಐಚ್ಛಿಕ ವಿಷಯದ ಯೋಜನೆಗಾಗಿ ಬೀಸುವ ಪದಗಳನ್ನು ಸಂಗ್ರಹಿಸುತ್ತಿದ್ದೆವು. ನಮ್ಮೂರಿನ ಅಜ್ಜಿಯೊಬ್ಬರು ಹಾಡಿದುದನ್ನು ಧ್ವನಿಮುದ್ರಿಸಿ, ಬರೆದುಕೊಂಡು, ಕಂಪ್ಯೂಟರಿನಲ್ಲಿ ಅಚ್ಚುಮಾಡಿ ಇಡುತ್ತಿದ್ದೆವು. ತಿದ್ದಿದ ಪ್ರತಿಯನ್ನು ‘ಪದಗಳು’ ಎಂಬ ಫೋಲ್ಡರಿನಲ್ಲಿಯೂ, ಮೊದಲಿನ ತಿದ್ದದ ಪ್ರತಿಯನ್ನು ‘ಪದಗಳು ಹಳೆಯವು’ ಎಂಬ ಫೋಲ್ಡರಿನಲ್ಲಿಯೂ ಇಟ್ಟಿದ್ದೆವು. ಹಳೆಯದು ಇನ್ನು ಬೇಡವೆಂದಾಗ, ಆಗತಾನೆ ಶೆಲ್ ಕಲಿತ ಹುಮ್ಮಸ್ಸಿನಲ್ಲಿದ್ದ ನಾನು ಮುಂದೆ ಬಂದೆ. ‘ಹೆಸರು’ ಎಂಬ ಚರದಲ್ಲಿ ‘ಪದಗಳು ಹಳೆಯವು’ ಎಂದು ಚಿಹ್ನೆಸಹಿತವಾಗಿಯೇ ಇಟ್ಟು, ಅಳಿಸುವ ಆಜ್ಞೆಯಾದ ‘ಆರ್‌ಎಂ’ಗೆ ಆ ಚರವನ್ನು ಚಿಹ್ನೆಯಿಲ್ಲದೆ ಕೊಟ್ಟೆ. (ಚರದ ಹೆಸರನ್ನು ಇಲ್ಲಿ ಕನ್ನಡದಲ್ಲಿ ಹೇಳಿದ್ದೇನೆ, ಯಂತ್ರಕ್ಕೆ ಕೊಡುವಾಗ ಆಜ್ಞೆಯನ್ನೂ ಚರದ ಹೆಸರನ್ನೂ ರೋಮನ್ ಲಿಪಿಯಲ್ಲಿಯೇ ಬರೆಯಬೇಕು. ಫೋಲ್ಡರಿನ ಹೆಸರು ಮಾತ್ರ ಕನ್ನಡದಲ್ಲಿರಬಹುದು.)

ಶೆಲ್ ತನ್ನ ಧರ್ಮದಂತೆ ನಡೆಯಿತು. ಚರವನ್ನು ವಿಸ್ತರಿಸಿ, ತೆರಪು ಕಂಡಲ್ಲಿ ಒಡೆದು, ‘ಪದಗಳು’ ಎಂಬುದೊಂದು, ‘ಹಳೆಯವು’ ಎಂಬುದೊಂದು, ಹೀಗೆ ಎರಡು ಪದಗಳನ್ನು ಆರ್‌ಎಂಗೆ ಒಪ್ಪಿಸಿತು. ‘ಪದಗಳು’ ಎಂಬ ಫೋಲ್ಡರ್ ಇದ್ದಿತು, ಅಳಿಯಿತು. ‘ಹಳೆಯವು’ ಎಂಬುದು ಇರಲೇ ಇಲ್ಲ. ಏನೂ ಕೇಳದೆ, ಇಲ್ಲದಿದ್ದರೆ ದೂರದೆ ಅಳಿಸು ಎಂಬ ಸೂಚನೆಯನ್ನೂ ನಾನೇ ಕೊಟ್ಟಿದ್ದರಿಂದ ಆರ್‌ಎಂ ಆ ವಿಷಯದಲ್ಲಿ ಮೌನ ತಾಳಿತು. ಅಳಿಸಬೇಕೆಂದಿದ್ದ ‘ಪದಗಳು ಹಳೆಯವು’ ಕೂದಲೂ ಕೊಂಕದೆ ಉಳಿಯಿತು. ತಿದ್ದಿದ ಪ್ರತಿಯೂ, ಆಮೇಲೆ ಸೇರಿಸಿದ್ದ ಒಂಬತ್ತು ಹಾಡುಗಳೂ, ಅವುಗಳ ಧ್ವನಿಮುದ್ರಿಕೆಯೂ ಹೋದುವು. ಫೋನಿನಲ್ಲಿ ಜಾಗ ಸಾಲದೆಂದು ಅಲ್ಲಿಯ ಮುದ್ರಿಕೆಗಳನ್ನು ಮೊದಲೇ ತೆಗೆದುಹಾಕಿದ್ದೆವು. ಮತ್ತೆ ಅಜ್ಜಿಯ ಬಳಿಗೆ ಹೋದೆವು. ಒಂಬತ್ತರಲ್ಲಿ ಏಳನ್ನು ಹಾಡಿದರು; ಆದರೆ ಸಾಲುಗಳು ಮೊದಲಿನಂತಿರಲಿಲ್ಲ. ಉಳಿದೆರಡು ನೆನಪಿಗೆ ಬರಲಿಲ್ಲ. ‘ಬೀಸೋವಾಗ ಬಂದದ್ದು ಕೂತು ಕೇಳಿದ್ರೆ ಬರ್ತದೇನಪ್ಪಾ?’ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಈ ಬಗೆಯ ತಪ್ಪು ಎಳೆಯ ವಿದ್ಯಾರ್ಥಿಗಳದು ಮಾತ್ರವೆಂದು ತಿಳಿಯಬಾರದು. ೨೦೦೧ರ ನವೆಂಬರಿನಲ್ಲಿ ಆಪಲ್ ಸಂಸ್ಥೆಯು ಐಟ್ಯೂನ್ಸ್ ಎಂಬ ಸಂಗೀತದ ತಂತ್ರಾಂಶದ ಎರಡನೆಯ ಆವೃತ್ತಿಯನ್ನು ಹೊರತಂದಿತು. ಹೊಸದನ್ನು ಹಾಕುವ ಮೊದಲು ಹಳೆಯದನ್ನು ಅಳಿಸುವ ಸಾಲೊಂದು ಅದರ ಸ್ಥಾಪನೆಯ ಆಜ್ಞಾಪಟ್ಟಿಯಲ್ಲಿತ್ತು. ಡಿಸ್ಕಿನ ಹೆಸರನ್ನು ಒಳಗೊಂಡ ಚರಕ್ಕೆ ಆ ಸಾಲಿನಲ್ಲಿ ಉದ್ಧರಣ ಚಿಹ್ನೆ ಇರಲಿಲ್ಲ. ಒಂದು ಡಿಸ್ಕಿನ ಹೆಸರು ‘ಡಿಸ್ಕ್’ ಎಂದೂ ಇನ್ನೊಂದರದು ‘ಡಿಸ್ಕ್ ೧’ ಎಂದೂ ಇದ್ದರೆ, ಎರಡನೆಯದರಲ್ಲಿರುವ ಒಂದು ತಂತ್ರಾಂಶವನ್ನು ಅಳಿಸಹೊರಟ ಆಜ್ಞೆ ತೆರಪಿನಲ್ಲಿ ಒಡೆದು, ಮೊದಲನೆಯ ಡಿಸ್ಕನ್ನೇ ಗುರಿಮಾಡುತ್ತಿತ್ತು. ಕೆಲವರ ಡಿಸ್ಕಿನಲ್ಲಿದ್ದುದೆಲ್ಲವೂ ಹೀಗೆ ಅಳಿಸಿಹೋದ ಮೇಲೆ ಸಂಸ್ಥೆಯು ಅದನ್ನು ಹಿಂತೆಗೆದುಕೊಂಡು, ತಿದ್ದಿದ ಆವೃತ್ತಿಯನ್ನು ಬಿಡುಗಡೆಮಾಡಿತು. ಇದಕ್ಕೆ ಹಿನ್ನೆಲೆಯೂ ಉಂಟು. ಮ್ಯಾಕ್ ಬಳಸುವವರು ಹೆಸರುಗಳಲ್ಲಿ ತೆರಪು ಬಿಡುವುದನ್ನು ಮೊದಲಿನಿಂದಲೂ ರೂಢಿಮಾಡಿಕೊಂಡಿದ್ದವರು. ಅವರ ಯಂತ್ರದ ಒಳಗೆ ಯುನಿಕ್ಸ್ ಮೂಲದ ವ್ಯವಸ್ಥೆ ಬಂದದ್ದು ಅದೇ ವರ್ಷದ ಮಾರ್ಚಿಯಲ್ಲಿ. ಯುನಿಕ್ಸಿನವರಾದರೋ ಹೆಸರಿನಲ್ಲಿ ತೆರಪು ಬಿಡುವುದು ಅಪರೂಪ. ಎರಡು ರೂಢಿಗಳು ಕೂಡಿದ ಸ್ಥಳದಲ್ಲಿ ಈ ಅನಾಹುತ ಕಾದಿತ್ತು.

೨೦೧೧ರ ಬಂಬಲ್‌ಬೀ ಎಂಬ ಲಿನಕ್ಸ್ ತಂತ್ರಾಂಶದ ಕಥೆ ಇನ್ನೂ ಚಿಕ್ಕದು. ಅದರ ಸ್ಥಾಪನೆಯ ಆಜ್ಞಾಪಟ್ಟಿಯಲ್ಲಿ ಒಂದು ಉದ್ದವಾದ ವಿಳಾಸವನ್ನು ಅಳಿಸುವ ಸಾಲಿತ್ತು. ‘ಯುಎಸ್‌ಆರ್’ ಎಂಬ ಮೊದಲ ಭಾಗದ ಮುಂದೆ ಕೈತಪ್ಪಿನಿಂದ ಒಂದೇ ಒಂದು ತೆರಪು ಬಿದ್ದಿತ್ತು. ಯುಎಸ್‌ಆರ್ ಎಂಬುದು ವ್ಯವಸ್ಥೆಯ ಬಹುಪಾಲು ಪ್ರೋಗ್ರಾಮುಗಳ ಮನೆ. ವಿಳಾಸ ಎರಡಾಯಿತು, ಮನೆಯೇ ಅಳಿಯಿತು. ಇಲ್ಲಿ ಚರವೂ ಇರಲಿಲ್ಲ, ವಿಸ್ತರಣವೂ ಇರಲಿಲ್ಲ. ಬರಿಯ ತೆರಪಿಗೆ ಎಷ್ಟು ಬಲವಿದೆಯೆಂಬುದಕ್ಕೆ ಇದು ನಿದರ್ಶನ.

ಇಷ್ಟನ್ನು ಓದಿದವರು ‘ಎಲ್ಲೆಲ್ಲಿಯೂ ಉದ್ಧರಣ ಚಿಹ್ನೆ ಹಾಕಿಬಿಟ್ಟರಾಯಿತು’ ಎನ್ನಬಹುದು. ೨೦೧೫ರ ಜನವರಿಯಲ್ಲಿ ಬೆಳಕಿಗೆ ಬಂದ ಇನ್ನೊಂದು ಪ್ರಸಂಗ ಆ ಸಮಾಧಾನವನ್ನೂ ಕೆಡಿಸುತ್ತದೆ. ವಾಲ್ವ್ ಸಂಸ್ಥೆಯ ‘ಸ್ಟೀಮ್’ ಎಂಬುದು ಕಂಪ್ಯೂಟರ್ ಆಟಗಳನ್ನು ಒದಗಿಸುವ ತಂತ್ರಾಂಶ. ಅದರ ಲಿನಕ್ಸ್ ಆವೃತ್ತಿಯ ಆಜ್ಞಾಪಟ್ಟಿಯು ತಾನಿರುವ ಫೋಲ್ಡರ್ ಯಾವುದೆಂದು ಕಂಡುಹಿಡಿದು ಒಂದು ಚರದಲ್ಲಿ ಇಟ್ಟುಕೊಳ್ಳುತ್ತಿತ್ತು. ಮುಂದೆ ಬೇಕಾದಾಗ, ಆ ಚರದ ಬೆಲೆ, ಅದರ ಮುಂದೆ ಒಂದು ಓರೆಗೆರೆ, ಅದರ ಮುಂದೆ ನಕ್ಷತ್ರ, ಹೀಗೆ ಜೋಡಿಸಿ ಅಳಿಸುತ್ತಿತ್ತು. ‘ಆ ಫೋಲ್ಡರಿನೊಳಗಿರುವುದೆಲ್ಲವನ್ನೂ ಅಳಿಸು’ ಎಂಬುದು ಬರೆದವರ ಭಾವ. ಚರಕ್ಕೆ ಉದ್ಧರಣ ಚಿಹ್ನೆಯೂ ಇತ್ತು. ಆದರೆ ಬಳಕೆದಾರನೊಬ್ಬನು ಸ್ಟೀಮಿನ ಫೋಲ್ಡರನ್ನು ಬೇರೆಡೆಗೆ ಸಾಗಿಸಿದ್ದಾಗ ಕಂಡುಹಿಡಿಯುವ ಹೆಜ್ಜೆ ವಿಫಲವಾಗಿ ಚರ ಬರಿದಾಗಿ ಉಳಿಯಿತು. ಬರಿದಾದ ಬೆಲೆಯ ಮುಂದೆ ಓರೆಗೆರೆ ಮತ್ತು ನಕ್ಷತ್ರ ಬಂದರೆ ಉಳಿಯುವುದೇನು? ಓರೆಗೆರೆಯೆಂದರೆ ಇಡೀ ವ್ಯವಸ್ಥೆಯ ಬೇರು. ನಕ್ಷತ್ರವೆಂದರೆ ಅದರೊಳಗಿನ ಎಲ್ಲವೂ. ಆ ಬಳಕೆದಾರನಿಗೆ ಅಳಿಸಲು ಅಧಿಕಾರವಿದ್ದ ಕಡತಗಳೆಲ್ಲ ಹೋದುವು. ಭದ್ರತೆಗೆಂದು ಹೊರಗಿನ ಡ್ರೈವಿನಲ್ಲಿ ಇಟ್ಟು ಯಂತ್ರಕ್ಕೆ ಜೋಡಿಸಿದ್ದ ಪ್ರತಿಗಳೂ ಹೋದುವು. ಆಶ್ಚರ್ಯವೆಂದರೆ, ಆ ಸಾಲಿನ ಮೇಲೆ ಅದನ್ನು ಬರೆದವರೇ ‘ಭಯವಾಗುತ್ತದೆ!’ ಎಂಬರ್ಥದ ಟಿಪ್ಪಣಿಯೊಂದನ್ನು ಬರೆದಿದ್ದರು. ಭಯಪಟ್ಟುದು ನಿಜ, ಪರೀಕ್ಷಿಸಿ ನೋಡಲಿಲ್ಲ.

ನಮ್ಮ ದೃಷ್ಟಾಂತಕ್ಕೆ ಮರಳುವುದಾದರೆ, ಚೀಟಿ ಒಡೆದು ಎರಡಾದುದು ಒಂದು ಬಗೆಯ ಪ್ರಮಾದ; ಚೀಟಿಯೇ ಖಾಲಿಯಿದ್ದುದು ಇನ್ನೊಂದು ಬಗೆ. ಉದ್ಧರಣ ಚಿಹ್ನೆ ಮೊದಲನೆಯದಕ್ಕೆ ಮದ್ದು. ಎರಡನೆಯದಕ್ಕೆ ಬೇರೆ ಮದ್ದು ಬೇಕು. ಬೆಲೆಯನ್ನೇ ಕೊಡದ ಚರ ಬಂದರೆ ಕೆಲಸವನ್ನು ನಿಲ್ಲಿಸೆಂದು ಶೆಲ್ಲಿಗೆ ಮೊದಲೇ ಹೇಳಿಡುವ ‘ಸೆಟ್ -ಯು’ ಎಂಬ ಆಜ್ಞೆಯೊಂದುಂಟು. ಆದರೆ ಸ್ಟೀಮಿನ ಪ್ರಸಂಗದಲ್ಲಿ ಅದು ನೆರವಿಗೆ ಬರುತ್ತಿರಲಿಲ್ಲ. ಅಲ್ಲಿ ಚರಕ್ಕೆ ಬೆಲೆಯನ್ನು ಕೊಟ್ಟಾಗಿತ್ತು. ಕೊಟ್ಟ ಬೆಲೆಯೇ ಶೂನ್ಯವಾಗಿತ್ತು. ಇಂಥಲ್ಲಿ ಉಪಯೋಗಕ್ಕೆ ಬರುವುದು ಇನ್ನೊಂದು ಬರಹ: ಚರದ ಹೆಸರನ್ನು ಪುಷ್ಪಾವರಣದೊಳಗೆ ಬರೆದು, ಹೆಸರಿನ ಮುಂದೆ ವಿವರಣ ಚಿಹ್ನೆಯನ್ನೂ ಪ್ರಶ್ನಾರ್ಥಕ ಚಿಹ್ನೆಯನ್ನೂ ಹಾಕುವುದು. ಚರ ಇಲ್ಲದಿದ್ದರೂ ಬರಿದಾಗಿದ್ದರೂ ಶೆಲ್ ಅಲ್ಲಿಯೇ ನಿಂತು ದೂರುತ್ತದೆ. ಅಳಿಸುವ ಆಜ್ಞೆ ನಡೆಯುವುದೇ ಇಲ್ಲ. ಎರಡು ಚಿಹ್ನೆಗಳ ಶ್ರಮಕ್ಕೆ ಇಷ್ಟು ದೊಡ್ಡ ಫಲ.

ಪದಚ್ಛೇದದ ಪಟ್ಟಿಯನ್ನೇ ಕಳ್ಳರು ಆಯುಧವಾಗಿ ಬಳಸಿದ ಕಾಲವೊಂದಿತ್ತು. ಹಳೆಯ ಬೋರ್ನ್ ಶೆಲ್ ಐಎಫ್‌ಎಸ್ ಪಟ್ಟಿಯನ್ನು ಹೊರಗಿನ ಪರಿಸರದಿಂದ ಪಡೆಯುತ್ತಿತ್ತು. ಮಾತ್ರವಲ್ಲದೆ, ಚರದ ಬೆಲೆಯೊಂದನ್ನೇ ಅಲ್ಲ, ಬರೆದ ಸಾಲಿನ ಪದಗಳನ್ನೂ ಆ ಪಟ್ಟಿಯಂತೆಯೇ ಒಡೆಯುತ್ತಿತ್ತು. ಆದ್ದರಿಂದ ದುರುದ್ದೇಶವುಳ್ಳವನು ಪಟ್ಟಿಯಲ್ಲಿ ಓರೆಗೆರೆಯನ್ನು ಸೇರಿಸಿ, ಹೆಚ್ಚಿನ ಅಧಿಕಾರವುಳ್ಳ ಪ್ರೋಗ್ರಾಮೊಂದನ್ನು ನಡೆಸಿದನೆನ್ನೋಣ. ಆ ಪ್ರೋಗ್ರಾಮು ಶೆಲ್ಲಿನ ಮೂಲಕ ‘ಬಿನ್’ ಫೋಲ್ಡರಿನ ‘ಮೇಲ್’ ಎಂಬುದನ್ನು ಕರೆದರೆ, ಓರೆಗೆರೆಯಲ್ಲಿ ವಿಳಾಸ ಒಡೆದು, ‘ಬಿನ್’ ಎಂಬ ಆಜ್ಞೆ ನಡೆಯುತ್ತಿತ್ತು. ಆ ಹೆಸರಿನ ಪ್ರೋಗ್ರಾಮನ್ನು ಕಳ್ಳನೇ ಮೊದಲು ಬರೆದು ಇಟ್ಟಿರುತ್ತಿದ್ದನು. ೧೯೯೨ರ ಪಾಸಿಕ್ಸ್ ಶೆಲ್ ಮಾನಕವು ವಿಸ್ತರಣದಿಂದ ಬಂದ ಬರಹವನ್ನು ಮಾತ್ರ ಒಡೆಯಬೇಕೆಂದು ವಿಧಿಸಿತು. ಬ್ಯಾಷ್ ಮೊದಲಾದ ಇಂದಿನ ಶೆಲ್ಲುಗಳು ಈ ಪಟ್ಟಿಯನ್ನು ಹೊರಗಿನಿಂದ ಸ್ವೀಕರಿಸುವುದೂ ಇಲ್ಲ.

ಹಾಗಾದರೆ ಈ ಒಡೆಯುವ ಅಭ್ಯಾಸವನ್ನೇ ಕಿತ್ತುಹಾಕಬಾರದೆ ಎಂಬ ಪ್ರಶ್ನೆ ಸಹಜ. ಬೋರ್ನ್ ಶೆಲ್ಲಿನಲ್ಲಿ ಹೆಸರುಗಳ ಪಟ್ಟಿಯನ್ನು ಇಡಲು ಬೇರೆ ಅನುಕೂಲವಿರಲಿಲ್ಲ. ಒಂದೇ ಚರದಲ್ಲಿ ಹತ್ತು ಹೆಸರುಗಳನ್ನು ತೆರಪು ಬಿಟ್ಟು ಬರೆದಿಟ್ಟು, ಬೇಕಾದಾಗ ಒಡೆದುಕೊಳ್ಳುವುದು ಒಂದು ಸೌಕರ್ಯವೇ ಆಗಿದ್ದಿತು. ಅದನ್ನು ನಂಬಿ ಬರೆದ ಆಜ್ಞಾಪಟ್ಟಿಗಳು ಇಂದಿಗೂ ಓಡುತ್ತಿವೆ; ನಿಯಮವನ್ನು ಬದಲಾಯಿಸಿದರೆ ಅವು ಕೆಡುತ್ತವೆ. ಹೊಸದಾಗಿ ಆರಂಭಿಸಿದವರು ಬೇರೆ ದಾರಿ ಹಿಡಿದದ್ದುಂಟು. ಪ್ಲಾನ್ ೯ ವ್ಯವಸ್ಥೆಯ ‘ಆರ್‌ಸಿ’ ಶೆಲ್ಲಿನಲ್ಲಿ ಟಾಮ್ ಡಫ್ ಅವರು ಪ್ರತಿಯೊಂದು ಚರವನ್ನೂ ಪದಗಳ ಪಟ್ಟಿಯನ್ನಾಗಿಯೇ ರೂಪಿಸಿದರು. ಒಮ್ಮೆ ಬಿಡಿಸಿದುದನ್ನು ಅಲ್ಲಿ ಮತ್ತೆ ಒಡೆಯುವುದಿಲ್ಲ. ೧೯೯೦ರಲ್ಲಿ ಪಾಲ್ ಫಾಲ್‌ಸ್ಟಾಡ್ ಆರಂಭಿಸಿದ ‘ಜೆಡ್ ಶೆಲ್’ ಕೂಡ, ಹೇಳದ ಹೊರತು, ಚರದ ಬೆಲೆಯನ್ನು ಒಡೆಯುವುದಿಲ್ಲ. ಬ್ಯಾಷಿನಲ್ಲಿಯೂ ಪಟ್ಟಿಗಳಿಗಾಗಿ ‘ಅರೇ’ ಎಂಬ ಪ್ರತ್ಯೇಕ ಅನುಕೂಲವಿದೆ. ಹಲವು ಹೆಸರುಗಳನ್ನು ಇಡಬೇಕಾದವರು ತೆರಪನ್ನು ನೆಚ್ಚದೆ ಅದನ್ನೇ ಬಳಸುವುದು ಕ್ಷೇಮ.

ಕೊನೆಯದಾಗಿ, ಸಹಪಾಠಿಗಳ ಅನುಕೂಲಕ್ಕಾಗಿ ನಾಲ್ಕು ಎಚ್ಚರಿಕೆಗಳನ್ನು ಹೇಳಬಯಸುತ್ತೇನೆ. ಮೊದಲನೆಯದು, ಒಡೆಯಬೇಕೆಂಬ ಖಚಿತ ಕಾರಣವಿಲ್ಲದಿದ್ದರೆ ಪ್ರತಿಯೊಂದು ಚರಕ್ಕೂ ಉದ್ಧರಣ ಚಿಹ್ನೆ ಹಾಕಿರಿ. ಎರಡನೆಯದು, ಅಳಿಸುವ ಆಜ್ಞೆಯಲ್ಲಿ ಬರಿದಾದ ಚರ ಬಂದರೆ ಏನಾದೀತೆಂದು ಕೇಳಿಕೊಳ್ಳಿರಿ. ಮೂರನೆಯದು, ವಿಡಾರ್ ಹೋಲೆನ್ ಅವರು ಬರೆದ ‘ಶೆಲ್‌ಚೆಕ್’ ಎಂಬ ಪರೀಕ್ಷಕ ಪ್ರೋಗ್ರಾಮು ಉಚಿತವಾಗಿ ದೊರೆಯುತ್ತದೆ. ಚಿಹ್ನೆಯಿಲ್ಲದ ಚರವನ್ನು ಅದು ಬೆರಳಿಟ್ಟು ತೋರಿಸುತ್ತದೆ.

ನಾಲ್ಕನೆಯದು ಸೂಕ್ಷ್ಮವಾದುದು. ಅಳಿಸುವ ಮೊದಲು ‘ಎಕೋ’ ಆಜ್ಞೆಯಿಂದ ಚರವನ್ನು ಪರದೆಯ ಮೇಲೆ ಮುದ್ರಿಸಿ ನೋಡುವುದು ಹಲವರ ರೂಢಿ. ನಾನೂ ಅಂದು ನೋಡಿದ್ದೆ. ‘ಪದಗಳು ಹಳೆಯವು’ ಎಂದು ಸರಿಯಾಗಿಯೇ ಕಂಡಿತು. ಎಕೋ ತನಗೆ ಬಂದ ಪದಗಳನ್ನೆಲ್ಲ ನಡುವೆ ಒಂದೊಂದು ತೆರಪಿಟ್ಟು ಮುದ್ರಿಸುತ್ತದೆ. ಆದ್ದರಿಂದ ಒಂದೇ ಪದ ಬಂದಿದ್ದರೂ ಎರಡು ಬಂದಿದ್ದರೂ ಪರದೆಯ ಮೇಲೆ ಕಾಣುವುದು ಒಂದೇ. ಅದರ ಬದಲು ‘ಪ್ರಿಂಟ್‌ಎಫ್’ ಆಜ್ಞೆಯಿಂದ ಪ್ರತಿಯೊಂದು ಪದವನ್ನೂ ಬೇರೆ ಬೇರೆ ಸಾಲಿನಲ್ಲಿ, ಆವರಣದೊಳಗಿಟ್ಟು ಮುದ್ರಿಸಿದರೆ ಗಡಿ ಎಲ್ಲಿದೆಯೆಂಬುದು ಕಣ್ಣಿಗೆ ಬೀಳುತ್ತದೆ. ಸಂದೇಹವುಳ್ಳವರು ಎರಡು ಖಾಲಿ ಫೋಲ್ಡರುಗಳನ್ನು ಮಾಡಿ, ಇವೇ ಹೆಸರುಗಳನ್ನಿಟ್ಟು, ಸ್ವತಃ ಪರೀಕ್ಷಿಸಿ ನೋಡಬಹುದು. ಖಾಲಿ ಫೋಲ್ಡರು ಹೋದರೆ ನಷ್ಟವಿಲ್ಲ.

ಬರೆಯುವವನ ಮನಸ್ಸಿನಲ್ಲಿ ಒಂದಾಗಿರುವುದು ಓದುವವನ ಕೈಯಲ್ಲಿ ಎರಡಾಗಬಹುದು. ಮನುಷ್ಯನಾದ ಓದುಗನು ಅನುಮಾನ ಬಂದರೆ ಕೇಳುತ್ತಾನೆ, ಯಂತ್ರ ಕೇಳುವುದಿಲ್ಲ. ಆದುದರಿಂದ ಗಡಿಯನ್ನು ಗುರುತಿಸಿ ಕೊಡುವ ಹೊಣೆ ಬರೆಯುವವನದೇ. ನಮ್ಮ ಯೋಜನೆಯ ಪುಸ್ತಕ ಈಗ ಕನ್ನಡ ವಿಭಾಗದಲ್ಲಿದೆ. ಅದರಲ್ಲಿ ಏಳು ಹಾಡುಗಳ ಕೆಳಗೆ ‘ಎರಡನೆಯ ಸಲ ಹಾಡಿಸಿಕೊಂಡ ಪಾಠ’ ಎಂದು ಟಿಪ್ಪಣಿ ಬರೆದಿದ್ದೇವೆ. ಉಳಿದೆರಡಕ್ಕಾಗಿ ಅಜ್ಜಿ ರಾಗಿ ಬೀಸುವ ದಿನ ಮತ್ತೊಮ್ಮೆ ಹೋಗಬೇಕೆಂದಿದ್ದೇವೆ.